‘ನಾಳಿಂದ ಬರಬ್ಯಾಡ’ ಅಂದ ಮೇಲೆ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್. ಎರಡು ಶಿಫ್ಟ್ ಸೇರಿ 14 ಜನ.

2019ರ ಭರತ ಹುಣ್ಣಿಮೆಗೆ ನಮ್ಮ ಗ್ರೈಂಡಿಂಗ್ ಆಪರೇಟರ್ ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೋದ. ಆರು ವರ್ಷದ ಹಳೇ ಆಳು. ಎರಡು ದಿನ ಅಂದವನು ಒಂಬತ್ತನೇ ದಿನ ಬಂದ. ಪುಣೆಗೆ ಹೋಗಬೇಕಿದ್ದ ಜಾಬ್, ಅಂದರೆ ಆರ್ಡರಿನ ಮಾಲು, ಮೂಲೆಯಲ್ಲೇ ಬಿದ್ದಿತ್ತು. ಗೇಟಿನಲ್ಲೇ ಅವನನ್ನು ಕಂಡು "ನಾಳಿಂದ ಬರಬ್ಯಾಡ" ಅಂದುಬಿಟ್ಟೆ. "ಅವ್ವಗ ಆರಾಮ ಇರಲಿಲ್ರಿ ಮಾಲಕ್ರ" ಅಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರನೇ ವಾರ ಕಾರ್ಮಿಕ ಇಲಾಖೆಯಿಂದ ಪತ್ರ ಬಂತು. "ಅವನೇ ಬಿಟ್ಟು ಹೋದ" ಅಂದರಾಯ್ತು ಅಂತ ಧೈರ್ಯವಾಗಿಯೇ ಹೋದೆ. ಅಧಿಕಾರಿ ಕೇಳಿದ್ದು ಒಂದೇ: "ಕೆಲಸಕ್ಕೆ ಬಾ ಅಂತ ಒಂದರ ಪತ್ರ ಬರದೀರೇನ್ರಿ?" ಬರೆದಿರಲಿಲ್ಲ. ಹಾಜರಿ ಪುಸ್ತಕ ತೆಗೆದರು. ಅವನ ಸಾಲಿನ ಮೊದಲ ಎರಡು ಚೌಕದಲ್ಲಿ ‘ರಜೆ’, ಆಮೇಲೆ ಖಾಲಿ. ಒಂಬತ್ತನೇ ದಿನ ಕೆಂಪು ಪೆನ್ನಿನಲ್ಲಿ ನನ್ನದೇ ಅಕ್ಷರ: ‘ಬಿಟ್ಟ’. ಗೇಟಿನ ಪುಸ್ತಕದಲ್ಲಿ ಅದೇ ದಿನ 8:10ಕ್ಕೆ ಅವನ ಸಹಿ. ಬಿಟ್ಟವನು ಹಾಜರಾಗಿ ಸಹಿ ಯಾಕೆ ಮಾಡ್ತಾನೆ, ಅಲ್ವಾ?

ವಕೀಲರು ಬಿಡಿಸಿ ಹೇಳಿದರು. ಆಗ ಇದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ವರ್ಷದಲ್ಲಿ 240 ದಿನ ದುಡಿದವನನ್ನು ಕೆಲಸ ಕಡಿಮೆ ಅಂತ ತೆಗೆಯಬೇಕಾದರೆ ತಿಂಗಳ ನೋಟಿಸ್ ಅಥವಾ ಅಷ್ಟು ಪಗಾರ, ಜೊತೆಗೆ ವರ್ಷಕ್ಕೆ 15 ದಿನದ ಲೆಕ್ಕದಲ್ಲಿ ಪರಿಹಾರ. ತಪ್ಪು ಮಾಡಿದ ಅಂತ ತೆಗೆಯುವುದಾದರೆ ಆರೋಪ ಪತ್ರ, ವಿಚಾರಣೆ, ಅವನ ಉತ್ತರ. ಬಾಯಿಮಾತು ಯಾವುದಕ್ಕೂ ಸಾಲದು. ಸಂಧಾನದಲ್ಲಿ ಅವನನ್ನು ವಾಪಸ್ ತೆಗೆದುಕೊಂಡೆ. ಮನೆಯಲ್ಲಿದ್ದ ದಿನಗಳಿಗೆ ಅರ್ಧ ಪಗಾರ, ಸೇವೆ ತುಂಡಾಗದಂತೆ ಬರೆದುಕೊಟ್ಟೆ. ಮೊದಲ ದಿನ ಅವನ ಮುಖ ನೋಡಲು ನನಗೇ ಮುಜುಗರ.

ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ವಿಷಯದಲ್ಲಿ ಮಾತ್ರ ಮೊದಲಿಂದಲೂ ಸರಿಯಾಗಿದ್ದೆ. ಹತ್ತು ಜನರಾದರೆ ಕಟ್ಟಲೇಬೇಕು. ನಮ್ಮ ಪಾಲು ಪಗಾರದ 3.25 ಪರ್ಸೆಂಟ್, ಅವರದು 0.75. ನಮ್ಮ ಪಾಲನ್ನೂ ಅವರ ಪಗಾರದಲ್ಲೇ ಮುರಿಯುವವರಿದ್ದಾರೆ. ಅದು ತಪ್ಪು.

ಆಮೇಲೆ ಎಲ್ಲರಿಗೂ ಕನ್ನಡದಲ್ಲೇ ನೇಮಕಾತಿ ಪತ್ರ ಕೊಟ್ಟೆ. ಜಾತ್ರೆಗೆ ಹೋಗುವವರು ಮೊದಲೇ ರಜಾ ಚೀಟಿ ಬರೆದಿಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಂತೂ ನೇಮಕಾತಿ ಪತ್ರ ಕಡ್ಡಾಯ. ಕೆಲಸದಿಂದ ತೆಗೆದರೆ ಬಾಕಿ ಪಗಾರ ಎರಡು ಕೆಲಸದ ದಿನದೊಳಗೆ ಕೊಡಬೇಕು.

ಆ ಗ್ರೈಂಡಿಂಗ್ ಆಪರೇಟರ್ ಪ್ರಕರಣವಾಗಿ ಎರಡು ವರ್ಷಕ್ಕೆ ಇನ್ನೊಬ್ಬ ಲೇಥ್ ಮಷಿನ್ ಮೇಲೆ ತೂಕಡಿಸಿ ಜಾಬ್ ಕೆಡಿಸಿದ. ಕುಡಿದು ಬಂದಿದ್ದಾನೆ ಅಂತ ಸುದ್ದಿ. ಸಿಟ್ಟು ಬಂದರೂ ಈ ಸಲ ಬಾಯಿ ಬಿಡಲಿಲ್ಲ. ಆರೋಪ ಪತ್ರ ಕೊಟ್ಟು, ಹೊರಗಿನ ನಿವೃತ್ತರೊಬ್ಬರನ್ನು ವಿಚಾರಣೆಗೆ ಕೂರಿಸಿದೆ. ಅವನು ಜೊತೆಗೊಬ್ಬ ಗೆಳೆಯನನ್ನು ಕರೆತಂದು ಹೇಳಿದ: "ನಾ ಕುಡಿದಿಲ್ರಿ. ಎರಡು ದಿನ ಡಬಲ್ ಶಿಫ್ಟ್ ಮಾಡೀನಿ, ನಿದ್ದಿ ಇಲ್ಲ." ಪುಸ್ತಕ ತೆಗೆದರೆ ಮಾತು ನಿಜ. ಆಗಿನ ನಿಯಮದಂತೆ ದಿನಕ್ಕೆ ಒಂಬತ್ತು ತಾಸು ದಾಟಿದರೆ ಓಟಿಗೆ, ಅಂದರೆ ಹೆಚ್ಚುವರಿ ತಾಸಿನ ಕೆಲಸಕ್ಕೆ, ದುಪ್ಪಟ್ಟು ದರ ಕೊಡಬೇಕಿತ್ತು. ನಮ್ಮ ಸೂಪರ್‌ವೈಸರ್ ಸಾದಾ ದರ ಹಾಕಿದ್ದ, ನಾನು ನೋಡದೆ ಸಹಿ ಹಾಕಿದ್ದೆ. ಆರೋಪ ಪತ್ರ ವಾಪಸ್ ತೆಗೆದುಕೊಂಡು, ಎಲ್ಲರ ಓಟಿ ಬಾಕಿ ಲೆಕ್ಕ ಹಾಕಲು ಕೂತೆ. ಅದಕ್ಕೇ ಎರಡು ಭಾನುವಾರ ಹಿಡಿಯಿತು.