ರೇಡ್ ಕಾರ್ಡಿಗೆ ಕೈ ಹಾಕುವ ಮುನ್ನ: ಕಾನ್ಫಿಗರೇಶನ್ ಹುಡುಕುವುದು, ಓದುವುದು, ಕಾಪಾಡುವುದು

ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಆದೇಶ ಕೊಟ್ಟರೆ 14.6 ಟಿಬಿಯ ಎಸ್‌ಡಿಎ ಎಂಬ ಡಿಸ್ಕ್ ಒಂದೇ ಕಾಣುತ್ತದೆ. ಸರ್ವರ್ ಮುಂದೆ ನಿಂತು ನೋಡಿದರೆ 4 ಟಿಬಿಯ ಆರು ಡಿಸ್ಕ್ ಇವೆ. ಎರಡರ ನಡುವೆ ಕೂತಿರುವುದು ರೇಡ್ ಕಂಟ್ರೋಲರ್, ಅಂದರೆ ಹಲವು ಡಿಸ್ಕ್‌ಗಳನ್ನು ಒಂದು ಗುಂಪಾಗಿ (ಅರೇ) ನಡೆಸುವ ಕಾರ್ಡ್. ಡಿಸ್ಕ್‌ಗಳನ್ನು ಜೋಡಿಸುವುದು, ಪ್ಯಾರಿಟಿ (ಸತ್ತ ಡಿಸ್ಕಿನ ಡೇಟಾ ಮರಳಿ ಕಟ್ಟಲು ಬೇಕಾದ ಹೆಚ್ಚುವರಿ ಮಾಹಿತಿ) ಲೆಕ್ಕ ಹಾಕುವುದು, ಲಿನಕ್ಸ್‌ಗೆ ಒಂದೇ ಡಿಸ್ಕ್ ಎಂದು ತೋರಿಸುವುದು ಎಲ್ಲ ಅದರ ಕೆಲಸ. ಆರರಲ್ಲಿ ನಾಲ್ಕರಷ್ಟು ಜಾಗ ಮಾತ್ರ ಸಿಕ್ಕಿದೆ ಎಂದರೆ ಇದು ಬಹುಶಃ ರೇಡ್ 6. ಅದರಲ್ಲಿ ಎರಡು ಡಿಸ್ಕ್ ಸತ್ತರೂ ಎಸ್‌ಡಿಎ ಏನೂ ಆಗದ ಹಾಗೆ ನಡೆಯುತ್ತಿರುತ್ತದೆ. ಆದ್ದರಿಂದ ಕಾರ್ಡನ್ನೇ ಕೇಳಬೇಕು, ಅದಕ್ಕೆ ಅದರದೇ ಭಾಷೆ ಬೇಕು.

ಇಲ್ಲಿ ಆದೇಶಗಳನ್ನು ಕನ್ನಡ ಅಕ್ಷರದಲ್ಲಿ ಉಚ್ಚರಿಸುವಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನೇ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ರೂಟ್ ಆಗಿ ಕೊಡಿ.

ಯಾವ ಕಾರ್ಡ್ ಇದೆ?

ಯಂತ್ರದಲ್ಲಿರುವ ಕಾರ್ಡ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಔಟ್‌ಪುಟ್‌ನಲ್ಲಿ "ರೇಡ್" ಎಂಬ ಪದವನ್ನಷ್ಟೇ ಗ್ರೆಪ್ ಮಾಡುವುದು (ಹುಡುಕುವುದು) ಬಹಳ ಜನರ ಅಭ್ಯಾಸ. ಅದು ಸಾಲದು. ಎಚ್‌ಪಿಇ ಜೆನ್10 ಸರ್ವರ್‌ನ ಸ್ಮಾರ್ಟ್ ಅರೇ ಪಿ408ಐ ಕಾರ್ಡ್ ಅಲ್ಲಿ "ಸೀರಿಯಲ್ ಅಟ್ಯಾಚ್ಡ್ ಸ್ಕಸಿ ಕಂಟ್ರೋಲರ್" ಎಂಬ ಹೆಸರಲ್ಲಿ, ತಯಾರಕರ ಜಾಗದಲ್ಲಿ ಅಡಾಪ್ಟೆಕ್ ಎಂದು ಕಾಣುತ್ತದೆ. ಗ್ರೆಪ್ ಅದನ್ನು ಬಿಟ್ಟುಬಿಡುತ್ತದೆ, ನಾವು "ರೇಡ್ ಇಲ್ಲ" ಎಂದುಕೊಳ್ಳುತ್ತೇವೆ. ಇದನ್ನು ಕೊಡಿ:

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಪ್ರತಿ ಸಾಧನದ ಕೆಳಗೆ "ಸಬ್‌ಸಿಸ್ಟಮ್" ಮತ್ತು "ಕರ್ನಲ್ ಡ್ರೈವರ್ ಇನ್ ಯೂಸ್" ಎಂಬ ಸಾಲುಗಳಿರುತ್ತವೆ. ಕಾರ್ಡಿನ ನಿಜವಾದ ಹೆಸರು ಸಬ್‌ಸಿಸ್ಟಮ್ ಸಾಲಿನಲ್ಲಿದೆ. ಯಾವ ಟೂಲ್ ಬೇಕು ಎಂಬುದನ್ನು ಡ್ರೈವರ್ ಹೇಳುತ್ತದೆ. ಮೆಗಾರೇಡ್_ಎಸ್‌ಎಎಸ್ ಇದ್ದರೆ ಸ್ಟೋರ್‌ಸಿಎಲ್‌ಐ, ಡೆಲ್ ಆದರೆ ಪರ್ಕ್‌ಸಿಎಲ್‌ಐ. ಎಚ್‌ಪಿಎಸ್‌ಎ ಇದ್ದರೆ ಎಸ್‌ಎಸ್‌ಎಸಿಎಲ್‌ಐ; ಸ್ಮಾರ್ಟ್‌ಪಿಕ್ಯೂಐ ಇದ್ದು ಕಾರ್ಡ್ ಎಚ್‌ಪಿಇಯದಾದರೂ ಅದೇ. ಎಎಸಿರೇಡ್ ಇದ್ದರೆ ಅಡಾಪ್ಟೆಕ್‌ನ ಆರ್ಕ್‌ಕಾನ್ಫ್. ಎಂಪಿಟಿ3ಎಸ್‌ಎಎಸ್ ಇದ್ದರೆ ಅದು ಸಾಮಾನ್ಯವಾಗಿ ಡಿಸ್ಕ್‌ಗಳನ್ನು ಹಾಗೇ ದಾಟಿಸುವ ಎಚ್‌ಬಿಎ. ಆಗ ರೇಡ್ ಇದ್ದರೆ ಲಿನಕ್ಸ್‌ನೊಳಗೇ ಇರುತ್ತದೆ, /ಪ್ರಾಕ್/ಎಂಡಿಸ್ಟ್ಯಾಟ್ ನೋಡಿ.

ಹೆಸರುಗಳ ಗೊಂದಲಕ್ಕೆ ಕಾರಣವಿದೆ. ಮೆಗಾರೇಡ್ ಮಾಡುತ್ತಿದ್ದ ಎಲ್‌ಎಸ್‌ಐಯನ್ನು 2014ರಲ್ಲಿ ಅವಾಗೊ ಕೊಂಡಿತು, 2016ರಲ್ಲಿ ಬ್ರಾಡ್‌ಕಾಮ್ ಅನ್ನೂ ಕೊಂಡು ಆ ಹೆಸರನ್ನೇ ಇಟ್ಟುಕೊಂಡಿತು. ಹಾಗಾಗಿ ಒಂದೇ 3108 ಚಿಪ್ ಬೇರೆ ಬೇರೆ ಸರ್ವರ್‌ಗಳಲ್ಲಿ ಬೇರೆ ಬೇರೆ ಹೆಸರಲ್ಲಿ ಕಾಣಬಹುದು. ಡೆಲ್‌ನ ಪರ್ಕ್ ಎಚ್730 ಕೂಡ ಅದೇ ಚಿಪ್. ಪರ್ಕ್‌ಸಿಎಲ್‌ಐ ಎನ್ನುವುದೂ ಹೆಸರು ಬದಲಿಸಿದ ಸ್ಟೋರ್‌ಸಿಎಲ್‌ಐ, ಆದೇಶಗಳು ಹೆಚ್ಚುಕಡಿಮೆ ಒಂದೇ.

ಪ್ಯಾಕೇಜ್ ಹಾಕಿದ ಮೇಲೂ "ಕಮಾಂಡ್ ನಾಟ್ ಫೌಂಡ್" ಬಂದರೆ ಗಾಬರಿ ಬೇಡ. ಅದು /ಆಪ್ಟ್/ಮೆಗಾರೇಡ್/ಸ್ಟೋರ್‌ಸಿಎಲ್‌ಐ/ ಒಳಗೆ ಸ್ಟೋರ್‌ಸಿಎಲ್‌ಐ64 ಎಂಬ ಹೆಸರಲ್ಲಿ ಕೂತಿರುತ್ತದೆ. ಮೆಗಾರೇಡ್ ಎಂಬ ಆ ಡೈರೆಕ್ಟರಿ ಹೆಸರಲ್ಲಿ ಎಂ ಮತ್ತು "ರೇಡ್"ನ ನಾಲ್ಕೂ ಅಕ್ಷರ ದೊಡ್ಡಕ್ಷರ.

ಸರ್ವರ್ ಬೂಟ್ ಆಗದಿದ್ದರೆ: ಡೆಲ್‌ನಲ್ಲಿ ಎಫ್2 ಒತ್ತಿ ಡಿವೈಸ್ ಸೆಟ್ಟಿಂಗ್ಸ್, ಹಳೆಯ ಬಯೋಸ್ ಮೋಡ್‌ನಲ್ಲಿ ಕಂಟ್ರೋಲ್-ಆರ್. ಎಚ್‌ಪಿಇಯಲ್ಲಿ ಎಫ್10 ಒತ್ತಿ ಸ್ಮಾರ್ಟ್ ಸ್ಟೋರೇಜ್ ಅಡ್ಮಿನಿಸ್ಟ್ರೇಟರ್. ದೂರದಿಂದಲೇ ಸರ್ವರ್ ನೋಡಿಕೊಳ್ಳುವ ಐಡ್ರ್ಯಾಕ್ (ಡೆಲ್), ಐಎಲ್‌ಒ (ಎಚ್‌ಪಿಇ) ಪುಟಗಳಲ್ಲೂ ಸ್ಟೋರೇಜ್ ಸ್ಥಿತಿ ಸಿಗುತ್ತದೆ.

ಓದಿ, ಬರೆದಿಟ್ಟುಕೊಳ್ಳಿ

ಇನ್ನು ಮುಂದೆ ಮೆಗಾರೇಡ್ ವಂಶದ ಕಾರ್ಡನ್ನೇ ಹಿಡಿದು ಹೋಗೋಣ.

ಸ್ಟೋರ್‌ಸಿಎಲ್‌ಐ64 /ಸಿ0 ಶೋ

ಸಿ0 ಎಂದರೆ ಮೊದಲ ಕಂಟ್ರೋಲರ್. ಔಟ್‌ಪುಟ್‌ನಲ್ಲಿ ನೋಡಬೇಕಾದ ಪಟ್ಟಿ ಎರಡು. ವರ್ಚುವಲ್ ಡ್ರೈವ್ (ಕಾರ್ಡ್ ಲಿನಕ್ಸ್‌ಗೆ ತೋರಿಸುವ ಡಿಸ್ಕ್) ಪಟ್ಟಿಯಲ್ಲಿ ಸ್ಥಿತಿ "ಓಪಿಟಿಎಲ್" ಆಗಿದ್ದರೆ ಕ್ಷೇಮ. "ಡಿಜಿಆರ್‌ಡಿ" ಎಂದರೆ ಡಿಗ್ರೇಡೆಡ್, ಇನ್ನು ರಕ್ಷಣೆ ಉಳಿದಿಲ್ಲ. "ಪಿಡಿಜಿಡಿ" ರೇಡ್ 6ರಲ್ಲಿ ಒಂದು ಡಿಸ್ಕ್ ಹೋದಾಗ ಬರುತ್ತದೆ, ಇನ್ನೊಂದು ಹೋದರೂ ತಡೆಯುತ್ತದೆ. ಡಿಸ್ಕ್‌ಗಳ ಪಟ್ಟಿಯಲ್ಲಿ 32:3 ಥರದ ಸಂಖ್ಯೆ ಎನ್‌ಕ್ಲೋಶರ್ (ಡಿಸ್ಕ್‌ಗಳ ಗೂಡು) ಮತ್ತು ಸ್ಲಾಟ್ (ಅದರಲ್ಲಿನ ಜಾಗ). ಪಕ್ಕದ ಡಿಐಡಿ ಬೇರೆಯೇ ಸಂಖ್ಯೆ, ಅದು ಸ್ಲಾಟ್ ಅಲ್ಲ. ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ದಾಖಲೆ) ತೆಗೆಯಲು ಬೇಕಾಗುವುದು ಈ ಡಿಐಡಿಯೇ:

ಸ್ಮಾರ್ಟ್‌ಸಿಟಿಎಲ್ -ಎ -ಡಿ ಮೆಗಾರೇಡ್,11 /ಡೆವ್/ಎಸ್‌ಡಿಎ

ಇಲ್ಲಿ 11 ಡಿಐಡಿ. ಸ್ಲಾಟ್ ಸಂಖ್ಯೆ ಹಾಕಿದರೆ ಇನ್ನೊಂದು ಡಿಸ್ಕಿನ ಆರೋಗ್ಯ ಓದಿ, ಒಳ್ಳೆಯದನ್ನೇ ಕಿತ್ತು ಹಾಕುವ ಅಪಾಯವಿದೆ. ಆ ಔಟ್‌ಪುಟ್‌ನ ಸೀರಿಯಲ್ ನಂಬರನ್ನು ಡಿಸ್ಕಿನ ಲೇಬಲ್ ಜೊತೆ ತಾಳೆ ನೋಡಿ.

ಏನನ್ನೂ ಬದಲಿಸುವ ಮೊದಲು ಮೂರು ಔಟ್‌ಪುಟ್‌ಗಳನ್ನು ಫೈಲಿಗೆ ಹಾಕಿ (ಇಲ್ಲೂ ಮುಂದೆಯೂ /ಸಿ0 ಎಂದು ಶುರುವಾಗುವ ಆದೇಶದ ಮೊದಲಿಗೆ ಸ್ಟೋರ್‌ಸಿಎಲ್‌ಐ64 ಸೇರಿಸಿಕೊಳ್ಳಿ): "/ಸಿ0 ಶೋ ಆಲ್", "/ಸಿ0/ವಿಆಲ್ ಶೋ ಆಲ್", "/ಸಿ0/ಇಆಲ್/ಎಸ್ಆಲ್ ಶೋ ಆಲ್". ಆ ಫೈಲುಗಳನ್ನು ಬೇರೆ ಯಂತ್ರಕ್ಕೆ ನಕಲಿಸಿ. ಅದೇ ಅರೇ ಮೇಲೆ ಇಟ್ಟರೆ ಬೇಕಾದ ದಿನ ಸಿಗುವುದಿಲ್ಲ. ರೇಡ್ ಮಟ್ಟ, ಸ್ಟ್ರಿಪ್ ಸೈಜ್ (ಒಂದೊಂದು ಡಿಸ್ಕಿಗೆ ಹಂಚುವ ತುಂಡಿನ ಗಾತ್ರ), ಯಾವ ಸ್ಲಾಟಿನಲ್ಲಿ ಯಾವ ಸೀರಿಯಲ್ ನಂಬರ್, ಫರ್ಮ್‌ವೇರ್ ಆವೃತ್ತಿ: ಇಷ್ಟು ಗೊತ್ತಿದ್ದರೆ ಡೇಟಾ ರಿಕವರಿಯವರಿಗೂ ಅರ್ಧ ಕೆಲಸ ಮುಗಿದ ಹಾಗೆ.

ಕ್ಯಾಶ್

ಒಂದು ಡಿಸ್ಕೂ ಕೆಟ್ಟಿಲ್ಲ, ಆದರೂ ಡೇಟಾಬೇಸ್ ದಿಢೀರನೆ ನಿಧಾನವಾಗಿದೆ. ಹೀಗಾದಾಗ ವರ್ಚುವಲ್ ಡ್ರೈವ್ ಪಟ್ಟಿಯ ಕ್ಯಾಶ್ ಕಾಲಂ ನೋಡಿ. "ಆರ್‌ಡಬ್ಲ್ಯುಬಿಡಿ"ಯಲ್ಲಿ ಡಬ್ಲ್ಯುಬಿ ಎಂದರೆ ರೈಟ್‌ಬ್ಯಾಕ್. ಕಾರ್ಡ್ ಡೇಟಾವನ್ನು ತನ್ನ ಮೆಮೊರಿಯಲ್ಲಿ ಹಿಡಿದುಕೊಂಡು "ಬರೆದಾಯಿತು" ಎನ್ನುತ್ತದೆ. ಅದೇ ಜಾಗದಲ್ಲಿ ಡಬ್ಲ್ಯುಟಿ ಇದ್ದರೆ ರೈಟ್‌ಥ್ರೂ, ಪ್ರತಿ ಬರಹವೂ ಡಿಸ್ಕ್ ಮುಟ್ಟುವ ತನಕ ಕಾಯಬೇಕು. ಈ ಮೆಮೊರಿಯನ್ನು ಕಾಯುವ ಬ್ಯಾಟರಿ ಸೋತರೆ ಕಾರ್ಡ್ ತಾನಾಗಿಯೇ ಡಬ್ಲ್ಯುಟಿಗೆ ಇಳಿಯುತ್ತದೆ. ಕರೆಂಟ್ ಹೋದರೆ ಮೆಮೊರಿಯಲ್ಲಿರುವುದು ಕಳೆದುಹೋಗುತ್ತದಲ್ಲ, ಅದಕ್ಕೆ. ಹಳೆಯ ಕಾರ್ಡ್‌ಗಳಲ್ಲಿ "/ಸಿ0/ಬಿಬಿಯು ಶೋ ಆಲ್", ಬ್ಯಾಟರಿಯ ಬದಲು ಕ್ಯಾಶ್‌ವಾಲ್ಟ್ ಇದ್ದಲ್ಲಿ "/ಸಿ0/ಸಿವಿ ಶೋ ಆಲ್" ಕೊಟ್ಟು ನೋಡಿ. ಲರ್ನ್ ಸೈಕಲ್ (ಕಾರ್ಡ್ ತಾನೇ ಮಾಡುವ ಬ್ಯಾಟರಿ ಪರೀಕ್ಷೆ) ನಡೆಯುತ್ತಿದ್ದರೆ ಕೆಲವು ಗಂಟೆ ಕಾದರೆ ಸರಿಹೋಗುತ್ತದೆ. ಬ್ಯಾಟರಿಯೇ ಸತ್ತಿದ್ದರೆ ಬದಲಿಸಿ. "ಎಡಬ್ಲ್ಯುಬಿ" ಕೊಟ್ಟು ಬ್ಯಾಟರಿ ಇಲ್ಲದೆಯೂ ರೈಟ್‌ಬ್ಯಾಕ್ ಓಡಿಸಬಹುದು. ವೇಗ ಬರುತ್ತದೆ, ಆದರೆ ಒಂದು ಪವರ್ ಕಟ್‌ಗೆ ಫೈಲ್‌ಸಿಸ್ಟಮ್ ಹಾಳಾಗಬಹುದು. ಉತ್ಪಾದನೆಯ ಸರ್ವರ್‌ನಲ್ಲಿ ಇದನ್ನು ಮಾಡಬೇಡಿ.

ಡಿಸ್ಕ್ ಬದಲಿಸುವುದು

ಮೊದಲು ಉಳಿದ ಡಿಸ್ಕ್‌ಗಳನ್ನು ನೋಡಿ. ಇಆಲ್/ಎಸ್ಆಲ್ ಔಟ್‌ಪುಟ್‌ನಲ್ಲಿ ಪ್ರತಿ ಡಿಸ್ಕಿಗೂ "ಮೀಡಿಯಾ ಎರರ್ ಕೌಂಟ್", "ಪ್ರಿಡಿಕ್ಟಿವ್ ಫೇಲ್ಯೂರ್ ಕೌಂಟ್" ಇರುತ್ತವೆ. ಒಂದೇ ಡಿಸ್ಕಿನ ಸಾವನ್ನು ತಡೆಯುವ ರೇಡ್ 5 ಡಿಗ್ರೇಡ್ ಆಗಿ, ಬದುಕಿರುವ ಇನ್ನೊಂದು ಡಿಸ್ಕಿನಲ್ಲಿ ಮೀಡಿಯಾ ಎರರ್ ಏರುತ್ತಿದ್ದರೆ ರೀಬಿಲ್ಡ್‌ಗೆ ಕೈ ಹಾಕಬೇಡಿ, ಮೊದಲು ಬ್ಯಾಕಪ್ ತೆಗೆಯಿರಿ. ರೀಬಿಲ್ಡ್ ಎಂದರೆ ಹೊಸ ಡಿಸ್ಕಿನಲ್ಲಿ ಡೇಟಾ ಮರಳಿ ಕಟ್ಟಲು ಉಳಿದವುಗಳ ಪ್ರತಿ ಸೆಕ್ಟರನ್ನೂ ಓದುವುದು. ಓದಲಾಗದ ಸೆಕ್ಟರ್ ಆಗಲೇ ಎದುರಾಗುವುದು.

ಆಮೇಲೆ ದೀಪ ಮಿನುಗಿಸಿ:

ಸ್ಟೋರ್‌ಸಿಎಲ್‌ಐ64 /ಸಿ0/ಇ32/ಎಸ್3 ಸ್ಟಾರ್ಟ್ ಲೊಕೇಟ್

ಸರ್ವರ್ ಮುಂದಿರುವವರ ಬಾಯಿಂದ "ಎಡದಿಂದ ನಾಲ್ಕನೆಯದು ಮಿನುಗುತ್ತಿದೆ" ಎಂದು ಕೇಳಿಸಿಕೊಳ್ಳಿ. ಸ್ಲಾಟ್ ಎಣಿಕೆ ಸೊನ್ನೆಯಿಂದ ಶುರು. ಮೂರನೇ ಸ್ಲಾಟ್ ಎಂದು ಮೂರನೇ ಡಿಸ್ಕ್ ಕಿತ್ತರೆ ಆರೋಗ್ಯವಾಗಿರುವುದನ್ನೇ ತೆಗೆದಂತೆ. ರೇಡ್ 5ರಲ್ಲಿ ಅಲ್ಲಿಗೆ ಅರೇ ಮುಗಿಯಿತು.

ಡಿಸ್ಕ್ ಇನ್ನೂ ಆನ್‌ಲೈನ್ ಇದ್ದು ಕೆಡುವ ಮುನ್ಸೂಚನೆ ಮಾತ್ರ ಕೊಟ್ಟಿದ್ದರೆ, ಅದೇ ವಿಳಾಸಕ್ಕೆ "ಸೆಟ್ ಆಫ್‌ಲೈನ್", "ಸೆಟ್ ಮಿಸ್ಸಿಂಗ್", "ಸ್ಪಿನ್‌ಡೌನ್" ಎಂದು ಈ ಕ್ರಮದಲ್ಲೇ ಕೊಡಿ. ಆಗಲೇ ಫೇಲ್ ಆಗಿದ್ದರೆ ಇವು ಬೇಡ. ತೆಗೆಯುವಾಗ ಅರ್ಧ ಇಂಚು ಎಳೆದು ಅರ್ಧ ನಿಮಿಷ ಬಿಡಿ. ಒಳಗಿನ ತಟ್ಟೆ ತಿರುಗುವುದು ನಿಲ್ಲಲಿ.

ಹೊಸ ಡಿಸ್ಕ್ ಅಷ್ಟೇ ಅಥವಾ ಹೆಚ್ಚು ಗಾತ್ರದ್ದಾಗಿರಬೇಕು. ಸ್ಯಾಸ್ ಜಾಗಕ್ಕೆ ಸ್ಯಾಸ್, ಸಾಟಾ ಜಾಗಕ್ಕೆ ಸಾಟಾ. ಸೆಕ್ಟರ್ ಗಾತ್ರವೂ ಹೊಂದಬೇಕು: 512 ಬೈಟ್‌ನ ಅರೇಗೆ 4ಕೆ ನೇಟಿವ್ ಡಿಸ್ಕ್ ಹಾಕಿದರೆ ರೀಬಿಲ್ಡ್ ಶುರುವಾಗುವುದೇ ಇಲ್ಲ. ಎಲ್ಲ ಸರಿಯಿದ್ದರೆ ಸಾಮಾನ್ಯವಾಗಿ ರೀಬಿಲ್ಡ್ ತಾನೇ ಶುರುವಾಗುತ್ತದೆ. ಡಿಸ್ಕ್ "ಯುಗುಡ್" (ಸರಿಯಿದೆ, ಆದರೆ ಬಳಕೆಯಲ್ಲಿಲ್ಲ) ಸ್ಥಿತಿಯಲ್ಲೇ ಕೂತಿದ್ದರೆ ಅದನ್ನು ಹಾಟ್‌ಸ್ಪೇರ್, ಅಂದರೆ ಸಿದ್ಧವಾಗಿ ಕಾಯುವ ಬದಲಿ ಡಿಸ್ಕ್, ಮಾಡಿ (ಡಿಜಿ ಎಂದರೆ ಡ್ರೈವ್ ಗ್ರೂಪ್, 0 ಅದರ ಸಂಖ್ಯೆ):

ಸ್ಟೋರ್‌ಸಿಎಲ್‌ಐ64 /ಸಿ0/ಇ32/ಎಸ್3 ಆ್ಯಡ್ ಹಾಟ್‌ಸ್ಪೇರ್‌ಡ್ರೈವ್ ಡಿಜಿಎಸ್=0

ಕಾರ್ಡ್ ತಕ್ಷಣ ಅದನ್ನು ಬಳಸಿಕೊಳ್ಳುತ್ತದೆ. ಪ್ರಗತಿಗೆ "ಶೋ ರೀಬಿಲ್ಡ್". 8 ಟಿಬಿ ಡಿಸ್ಕಿಗೆ ಸೆಕೆಂಡಿಗೆ 100 ಎಂಬಿಯಂತೆ ಬರೆದರೂ 22 ಗಂಟೆ ಬೇಕು, ಕೆಲಸದ ಹೊರೆ ಇದ್ದರೆ ಇನ್ನೂ ಹೆಚ್ಚು. ದೊಡ್ಡ ಡಿಸ್ಕ್‌ಗಳಿಗೆ ರೇಡ್ 5 ಬೇಡ, ರೇಡ್ 6 ಅಥವಾ 10 ಇರಲಿ ಎನ್ನುವುದು ಈ ಗಂಟೆಗಳ ಲೆಕ್ಕದಿಂದಲೇ.

ಫಾರಿನ್ ಕಾನ್ಫಿಗರೇಶನ್

ಡೇಟಾ ಉಳಿಯುವುದೋ ಹೋಗುವುದೋ ಎಂಬುದು ಬಹಳ ಸಲ ಈ ಒಂದು ಪರದೆಯಲ್ಲಿ ತೀರ್ಮಾನವಾಗುತ್ತದೆ. ಅರೇಯ ವಿವರ ಕಾರ್ಡಿನಲ್ಲಿ ಮಾತ್ರವಲ್ಲ, ಪ್ರತಿ ಡಿಸ್ಕಿನಲ್ಲೂ ಬರೆದಿರುತ್ತದೆ. ಎರಡೂ ಹೊಂದದಿದ್ದಾಗ ಕಾರ್ಡ್ ಆ ಡಿಸ್ಕನ್ನು "ಫಾರಿನ್" ಎನ್ನುತ್ತದೆ, ಡಿಜಿ ಕಾಲಂನಲ್ಲಿ ಎಫ್ ಬರುತ್ತದೆ. ಹೊಸ ಕಾರ್ಡ್ ಹಾಕಿದಾಗ, ಡಿಸ್ಕ್‌ಗಳನ್ನು ಇನ್ನೊಂದು ಸರ್ವರ್‌ಗೆ ಒಯ್ದಾಗ, ಕೇಬಲ್ ಸಡಿಲವಾಗಿ ಎರಡು ಮೂರು ಡಿಸ್ಕ್ ಬಿದ್ದು ಎದ್ದಾಗ ಹೀಗಾಗುತ್ತದೆ. ಬೂಟ್ ಪರದೆ "ಇಂಪೋರ್ಟ್ ಅಥವಾ ಕ್ಲಿಯರ್" ಎಂದು ಕೇಳುತ್ತದೆ. ಕ್ಲಿಯರ್ ಒತ್ತಿದರೆ ಡಿಸ್ಕಿನ ಮೇಲಿದ್ದ ಅರೇ ವಿವರ ಅಳಿಯುತ್ತದೆ. ಅವಸರದಲ್ಲಿ ಒತ್ತುವುದು ಅದನ್ನೇ.

"/ಸಿ0/ಎಫ್ಆಲ್ ಶೋ" ಕೊಡಿ, ಆಮೇಲೆ "/ಸಿ0/ಎಫ್ಆಲ್ ಇಂಪೋರ್ಟ್ ಪ್ರಿವ್ಯೂ". ಇಂಪೋರ್ಟ್ ಮಾಡಿದರೆ ಅರೇ ಹೇಗಿರುತ್ತದೆ ಎಂದು ಅದು ತೋರಿಸುತ್ತದೆ. ಬರೆದಿಟ್ಟ ಫೈಲಿನ ಜೊತೆ ಹೋಲಿಸಿ. ರೇಡ್ ಮಟ್ಟ, ಗಾತ್ರ, ಡಿಸ್ಕ್ ಸಂಖ್ಯೆ ಹೊಂದಿದರೆ "ಪ್ರಿವ್ಯೂ" ಬಿಟ್ಟು ಅದೇ ಆದೇಶ ಕೊಡಿ.

ಡಿಸ್ಕ್‌ಗಳು ಒಂದೇ ಹೊತ್ತಿಗೆ ಬೀಳದಿದ್ದರೆ ಇನ್ನೂ ಎಚ್ಚರ ಬೇಕು. ರೇಡ್ 5ರಲ್ಲಿ ಸ್ಲಾಟ್ 1 ಸೋಮವಾರ ಬಿತ್ತು, ಯಾರೂ ನೋಡಲಿಲ್ಲ, ಸ್ಲಾಟ್ 4 ಶುಕ್ರವಾರ ಬಿದ್ದು ಅರೇ ನಿಂತಿತು ಎಂದುಕೊಳ್ಳಿ. ಸ್ಲಾಟ್ 1ರಲ್ಲಿರುವುದು ಸೋಮವಾರದ ಡೇಟಾ. ಅದನ್ನು ಬಲವಂತವಾಗಿ ಆನ್‌ಲೈನ್ ತಂದರೆ ಹಳತು ಹೊಸತು ಬೆರೆತು ಫೈಲ್‌ಸಿಸ್ಟಮ್ ಕಲಸಿಹೋಗುತ್ತದೆ. ಕೊನೆಗೆ ಬಿದ್ದದ್ದನ್ನು, ಅಂದರೆ ಸ್ಲಾಟ್ 4 ಅನ್ನು, ಮೊದಲು ತರಬೇಕು. ಸ್ಲಾಟ್ 1ಕ್ಕೆ ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಮಾಡಬೇಕು. ಯಾವುದು ಮೊದಲು ಬಿತ್ತು ಎಂಬುದು "/ಸಿ0 ಶೋ ಇವೆಂಟ್ಸ್ ಫೈಲ್=ಇವೆಂಟ್ಸ್.ಟಿಎಕ್ಸ್‌ಟಿ" ಕೊಟ್ಟರೆ ಸಿಗುತ್ತದೆ. ಆ ಲಾಗ್ ಓದದೆ "ಸೆಟ್ ಆನ್‌ಲೈನ್" ಕೊಡಬೇಡಿ.

ಬೇರೆ ಸರ್ವರ್‌ನಲ್ಲಿ ದುಡಿದ ಡಿಸ್ಕನ್ನು ಬದಲಿಯಾಗಿ ಹಾಕಿದಾಗಲೂ ಎಫ್ ಕಾಣುತ್ತದೆ. ಅಲ್ಲಿ ಅಳಿಸುವುದೇ ಸರಿ, ಆದರೆ "ಎಫ್ಆಲ್ ಡಿಲೀಟ್" ಎಲ್ಲ ಫಾರಿನ್ ವಿವರವನ್ನೂ ಒಟ್ಟಿಗೆ ಅಳಿಸುತ್ತದೆ. ಪಟ್ಟಿಯಲ್ಲಿ ಆ ಒಂದು ಡಿಸ್ಕ್ ಮಾತ್ರ ಇದೆ ಎಂದು ಎರಡು ಸಲ ನೋಡಿಕೊಂಡೇ ಕೊಡಿ. ಪರ್ಕ್ ಕಾರ್ಡಿನ ಅರೇಯನ್ನು ಎಚ್‌ಪಿಇ ಸ್ಮಾರ್ಟ್ ಅರೇ ಓದುವುದಿಲ್ಲ. ಸುಟ್ಟ ಕಾರ್ಡಿನ ಜಾಗಕ್ಕೆ ಅದೇ ವಂಶದ್ದು ಬೇಕು.

ಎಚ್‌ಪಿಇ ಇದ್ದವರಿಗೆ

ಕಾನ್ಫಿಗರೇಶನ್‌ಗೆ "ಎಸ್‌ಎಸ್‌ಎಸಿಎಲ್‌ಐ ಸಿಟಿಆರ್‌ಎಲ್ ಆಲ್ ಶೋ ಕಾನ್ಫಿಗ್ ಡಿಟೇಲ್". ಡಿಸ್ಕ್ ವಿಳಾಸ 1ಐ:1:3 ರೂಪದಲ್ಲಿ, ಅಂದರೆ ಪೋರ್ಟ್, ಬಾಕ್ಸ್, ಬೇ. ಇಲ್ಲಿ ಬೇ ಎಣಿಕೆ 1ರಿಂದ ಶುರು. ದೀಪಕ್ಕೆ "ಎಸ್‌ಎಸ್‌ಎಸಿಎಲ್‌ಐ ಸಿಟಿಆರ್‌ಎಲ್ ಸ್ಲಾಟ್=0 ಪಿಡಿ 1ಐ:1:3 ಮಾಡಿಫೈ ಎಲ್‌ಇಡಿ=ಆನ್". ಸ್ಲಾಟ್ ಎಂದರೆ ಇಲ್ಲಿ ಕಾರ್ಡ್ ಕೂತ ಜಾಗ, ಡಿಸ್ಕಿನದಲ್ಲ.

ದಿನವೂ ನೋಡಲು

ಪ್ಯಾಟ್ರೋಲ್ ರೀಡ್ ಆನ್ ಇದೆಯೇ ಎಂದು "/ಸಿ0 ಶೋ ಪ್ಯಾಟ್ರೋಲ್‌ರೀಡ್" ಕೊಟ್ಟು ಖಚಿತಪಡಿಸಿಕೊಳ್ಳಿ. ಅದು ಬಿಡುವಿನಲ್ಲಿ ಡಿಸ್ಕ್‌ಗಳನ್ನು ಓದುತ್ತಾ ಕೆಟ್ಟ ಸೆಕ್ಟರ್‌ಗಳನ್ನು ರೀಬಿಲ್ಡ್‌ಗೆ ಮುಂಚೆಯೇ ಹಿಡಿಯುತ್ತದೆ. ನಿಗದಿತ ಹೊತ್ತಿಗೆ ಆದೇಶ ಓಡಿಸುವ ಕ್ರಾನ್‌ನಲ್ಲಿ "/ಸಿ0 ಶೋ" ಓಡಿಸಿ, ಆದೇಶದ ಕೊನೆಗೆ ಜೆ ಸೇರಿಸಿದರೆ ಔಟ್‌ಪುಟ್ ಸ್ಕ್ರಿಪ್ಟ್ ಓದಲು ಸುಲಭವಾದ ಜೇಸನ್ ರೂಪದಲ್ಲಿ ಬರುತ್ತದೆ. ಸ್ಕ್ರಿಪ್ಟ್ ಡಿಜಿಆರ್‌ಡಿ, ಪಿಡಿಜಿಡಿಗಳನ್ನು ಹುಡುಕಿದರೆ ಸಾಲದು: ಓಪಿಟಿಎಲ್ ಅಲ್ಲದ ಯಾವುದೇ ಸ್ಥಿತಿ ಬಂದರೂ, ಡಬ್ಲ್ಯುಬಿ ಹೋಗಿ ಡಬ್ಲ್ಯುಟಿ ಬಂದರೂ, ಟೂಲ್ ಉತ್ತರವನ್ನೇ ಕೊಡದಿದ್ದರೂ ಮೇಲ್ ಬರುವಂತೆ ಮಾಡಿ.