ಇ.ಸಿ. ಬಿಟ್ಟು ಮೆಕ್ಯಾನಿಕಲ್‌ಗೆ ಹೋಗಬೇಕಾ? ಗ್ಯಾರೇಜಿನಲ್ಲಿ ನಾನು ಹಾಕಿದ ಲೆಕ್ಕ

ನಾಲ್ಕನೇ ಸೆಮ್ ಮುಗಿಯುವ ಹೊತ್ತಿಗೆ ನನಗೆ ಇ.ಸಿ., ಅಂದರೆ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಇಂಜಿನಿಯರಿಂಗ್, ಸಾಕಾಗಿತ್ತು. ಚಿಕ್ಕಂದಿನಿಂದ ಗಾಡಿ ಹುಚ್ಚು. ನರಸಾಪುರದ ಹೋಂಡಾ ಫ್ಯಾಕ್ಟರಿ ಕಂಡಾಗೆಲ್ಲ ತಪ್ಪು ಬ್ರಾಂಚಿಗೆ ಸೇರಿಬಿಟ್ಟೆ ಅನ್ನಿಸುತ್ತಿತ್ತು. ಬ್ರಾಂಚ್ ಚೇಂಜ್ ಮೂರನೇ ಸೆಮ್ ಶುರುವಿನಲ್ಲೇ ಆಗಬೇಕಿತ್ತು, ಆಗಲಿಲ್ಲ. ಈಗ ಮೆಕ್ಯಾನಿಕಲ್ ಬೇಕೆಂದರೆ ಮತ್ತೆ ಮೊದಲಿನಿಂದ ಓದಬೇಕು. ಎರಡು ವರ್ಷ, ಫೀಸು ಹಾಸ್ಟೆಲ್ಲು ಸೇರಿ ಎರಡು ಲಕ್ಷದ ಹತ್ತಿರ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ರಜೆಯಲ್ಲಿ ಕೋಲಾರದ ಟೊಮೆಟೊ ಮಾರ್ಕೆಟ್ ಕಡೆಯ ಒಂದು ಗ್ಯಾರೇಜಿಗೆ ಸಂಬಳ ಇಲ್ಲದೆ ಸೇರಿಕೊಂಡೆ. ಬಂದ ಪ್ರತಿ ಗಾಡಿಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ಕಂಪ್ಲೇಂಟ್ ಏನು, ಸರಿಹೋಗಿದ್ದು ಸ್ಪ್ಯಾನರ್‌ನಿಂದಲಾ ವೋಲ್ಟ್, ಓಮ್ ಅಳೆಯುವ ಮೀಟರ್‌ನಿಂದಲಾ, ಗಿರಾಕಿ ಎಷ್ಟು ಕೊಟ್ಟ. "ಫೀಸು ಕಟ್ಟಿದ್ದು ಗ್ರೀಸ್ ಬಳಿಯೋಕಾ?" ಅಂದರು ಅಪ್ಪ. ಕ್ಲಾಸಿನವರು ನೋಟ್‌ಬುಕ್ ನೋಡಿ ನಕ್ಕರು.

ಮೊದಲ ಎರಡು ವಾರ ಬರೀ ನಷ್ಟ. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಆರುನೂರು ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ತಗೊಂಡೆ, ಅರ್ಧ ಗಾಡಿಗಳಿಗೆ ಕನೆಕ್ಟೇ ಆಗಲಿಲ್ಲ. ಆಮೇಲೆ ಒಂದು ಪಿಕಪ್‌ನಲ್ಲಿ ರೈಲ್ ಪ್ರೆಶರ್ ಸೆನ್ಸರ್ (ಇಂಜಿನ್ನಿಗೆ ಹೋಗುವ ಡೀಸೆಲ್ ಒತ್ತಡ ಅಳೆಯುವುದು) ಕೋಡ್ ಬಂತು. ಸೆನ್ಸರೇ ಹೋಗಿದೆ ಅಂತ ನಾನು ಗಟ್ಟಿಯಾಗಿ ಹೇಳಿದೆ, ನಾಲ್ಕೂವರೆ ಸಾವಿರದ ಪಾರ್ಟ್ ಹಾಕಿಸಿದೆ, ಕೋಡ್ ಹೋಗಲಿಲ್ಲ. ನೋಡಿದರೆ ಬ್ರಾಕೆಟ್‌ಗೆ ಉಜ್ಜಿ ವೈರ್ ಸವೆದಿತ್ತು. ಕೋಡ್ ತೋರಿಸುವುದು ಸರ್ಕ್ಯೂಟನ್ನು, ಪಾರ್ಟನ್ನಲ್ಲ. ಮೇಸ್ತ್ರಿ ಬೈಯಲಿಲ್ಲ, ಆದರೆ ಅರ್ಧ ದುಡ್ಡು ನಾನೇ ಕೊಟ್ಟೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮನಸ್ಸು ತಿರುಗಿದ್ದು ಇನ್ನೊಂದು ಗಾಡಿಯಿಂದ. ಬಿಎಸ್6 ಪಿಕಪ್, ಮೂರು ದಿನದಿಂದ ಸ್ಟಾರ್ಟ್ ಆಗದೆ ನಿಂತಿತ್ತು, ಟೊಮೆಟೊ ಸೀಸನ್ ಬೇರೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ, ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ಮಧ್ಯೆ ಮೀಟರ್ ಇಟ್ಟೆ. ಗಾಡಿಯೊಳಗಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಎರಡು ವೈರಿನ ಕ್ಯಾನ್ ಲೈನಿಗೆ ಎರಡೂ ತುದಿಯಲ್ಲಿ ಒಂದೊಂದು 120 ಓಮ್ ರೆಸಿಸ್ಟರ್, ಪ್ಯಾರಲಲ್ ಆಗಿ ಇರೋದರಿಂದ 60 ಬರಬೇಕು, ಬಂದಿದ್ದು 120. ಅಂದರೆ ಒಂದು ತುದಿ ಬಿಟ್ಟುಹೋಗಿದೆ! ಸ್ಪೀಡೋಮೀಟರ್ ಬೋರ್ಡಿನ ಹಿಂದಿನ ಕನೆಕ್ಟರ್‌ನಲ್ಲಿ ಪಿನ್ ಹಸಿರುಗಟ್ಟಿತ್ತು. ಉಜ್ಜಿ ಕೂರಿಸಿದೆ, ಒಂದೇ ಸಲ ಸೆಲ್ಫ್ ಹೊಡೆದಿದ್ದಕ್ಕೆ ಸ್ಟಾರ್ಟ್. ಬೆಂಗಳೂರಿನಿಂದ ಎಲೆಕ್ಟ್ರಿಷಿಯನ್ ಕರೆಸಿದ್ದರೆ ಎರಡೂವರೆ ಸಾವಿರ ಆಗುತ್ತಿತ್ತು. ಮೇಸ್ತ್ರಿ ನನ್ನ ಕೈಗೆ 500 ಇಟ್ಟರು. ಇ.ಸಿ. ಕ್ಲಾಸಿನಲ್ಲಿ ಕೇಳಿದ ಟರ್ಮಿನೇಷನ್ (ಲೈನಿನ ತುದಿಗೆ ರೆಸಿಸ್ಟರ್ ಹಾಕುವ) ಪಾಠ ಅದು, ಆ ಗ್ಯಾರೇಜಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಈ ಮಧ್ಯೆ ನಮ್ಮೂರಿನ ಟ್ರಾಕ್ಟರ್ ಮೇಲೂ ಒಂದು ಪ್ರಯೋಗ ಮಾಡಿದೆ. ಸೆಲ್ಫ್ ಎಳೀತಿರಲಿಲ್ಲ, ದೊಡ್ಡಪ್ಪ ಹೊಸ ಬ್ಯಾಟರಿಗೆ ಏಳು ಸಾವಿರ ತೆಗೆದಿಟ್ಟಿದ್ದರು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೆಗೆಟಿವ್‌ಗೂ ಇಂಜಿನ್ ಬಾಡಿಗೂ ಮಧ್ಯೆ ಅಳೆದರೆ ಒಂದು ವೋಲ್ಟ್‌ಗಿಂತ ಜಾಸ್ತಿ ಬಂತು, ಅಂದರೆ ತೊಂದರೆ ಬ್ಯಾಟರಿದಲ್ಲ, ಅರ್ಥ್ ಕನೆಕ್ಷನ್‌ದು. ಅರ್ಥ್ ಕೇಬಲ್ ತುದಿ ಕೆರೆದು ಬಿಗಿ ಮಾಡಿದೆ. ಅದೇ ಬ್ಯಾಟರಿ ಇನ್ನೂ ಒಂದು ವರ್ಷ ಬಂತು.

ನಲವತ್ತು ದಿನದಲ್ಲಿ ಸುಮಾರು 110 ಗಾಡಿ. ಆಯಿಲ್ ಸರ್ವಿಸ್ ಬಿಟ್ಟರೆ ಅರ್ಧದ ಹತ್ತಿರ ವೈರು, ಸೆನ್ಸರ್, ಚಾರ್ಜಿಂಗ್ ಕೆಲಸವೇ. ಇನ್ನೊಂದು ಸಂಗತಿ ಲೆಕ್ಕಕ್ಕಿಂತ ದೊಡ್ಡದು: ಕ್ಲಚ್ ಇಳಿಸುವಾಗ ನಾನು ಗಡಿಯಾರ ನೋಡುತ್ತಿದ್ದೆ, ಮೀಟರ್ ಹಿಡಿದರೆ ಊಟ ಮರೆಯುತ್ತಿದ್ದೆ. ಇ.ಸಿ.ಯಲ್ಲೇ ಉಳಿದೆ. ಕೊನೇ ವರ್ಷದ ಪ್ರಾಜೆಕ್ಟೂ ಗಾಡಿದೇ, ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಮತ್ತು ಅಗ್ಗದ ಕ್ಯಾನ್ ಮಾಡ್ಯೂಲ್ ಹಾಕಿ, ಕ್ಯಾನ್ ಲೈನಿನ ಡೇಟಾ ಬರೆದಿಡುವ ಲಾಗರ್ ಅನ್ನು ಮೂರು ಸಾವಿರದೊಳಗೆ ಮಾಡಿದೆ. ಇಂಟರ್‌ವ್ಯೂನಲ್ಲಿ ಆ 60 ಓಮ್ ಪ್ರಶ್ನೆಯೇ ಬಂತು. ನಾನು ಪಿಕಪ್ ಕಥೆ ಹೇಳಿದೆ, ಅವರು ಮುಂದಿನ ಪ್ರಶ್ನೆ ಕೇಳಲಿಲ್ಲ. ಈಗ ವಾಹನಗಳ ವೈರಿಂಗ್ ಟೆಸ್ಟಿಂಗ್ ಕೆಲಸ, ಶುರುವಿಗೆ ವರ್ಷಕ್ಕೆ ನಾಲ್ಕೂವರೆ ಲಕ್ಷದ ಆಸುಪಾಸು.

ಟೇಪ್ ಬಿಚ್ಚದೆ ವೈರ್ ಬಂಡಲ್ ಒಳಗೆ ವೈರ್ ತುಂಡಾದ ಜಾಗ ಹುಡುಕೋಕೆ ನನ್ನದೊಂದು ದಾರಿ ಇದೆ. ಅದನ್ನು ಇಲ್ಲಿ ಬರೆಯಲ್ಲ, ಅದೇ ನನ್ನ ಅನ್ನ.

ಪಿಯುಸಿ ಮುಗಿಸಿದ ಚಿಕ್ಕಪ್ಪನ ಮಗ ಈಗ ಅದೇ ಗ್ಯಾರೇಜಿಗೆ ಹೋಗುತ್ತಿದ್ದಾನೆ. ನೋಟ್‌ಬುಕ್ಕಿನಲ್ಲಿ ಹದಿನೇಳು ಗಾಡಿ ಬರೆದಿದ್ದಾನೆ. ಅವನಿಗೆ ಮೀಟರ್ ಅಂದರೆ ಬೇಜಾರು, ಗೇರ್‌ಬಾಕ್ಸ್ ಬಿಚ್ಚಿದರೆ ಮನೆಗೇ ಬರಲ್ಲ. ಮೆಕ್ಯಾನಿಕಲ್‌ಗೇ ಸೇರಿಸಿ ಅಂತ ಚಿಕ್ಕಪ್ಪನಿಗೆ ನಾನೇ ಹೇಳಿದ್ದೀನಿ.