ದೇವರ ಹೆಸರಲ್ಲಿ ಹೇಳಿದ ಮಾತು ನಿಜಾನಾ? ಬೈಬಲ್ ಪ್ರಕಾರ ಪ್ರವಾದಿನ ಪರೀಕ್ಷೆ ಮಾಡೋದು ಹೇಗೆ

ಹೋದ ವರ್ಷ ಒಂದು ಉಪವಾಸ ಪ್ರಾರ್ಥನೆ ಕೂಟದಲ್ಲಿ, ಬೇರೆ ಊರಿಂದ ಬಂದಿದ್ದ ಒಬ್ಬರು ನಮ್ಮ ಅತ್ತೆ ತಲೆ ಮೇಲೆ ಕೈ ಇಟ್ಟು, "ಅಮ್ಮಾ, ಮೂರು ತಿಂಗಳೊಳಗೆ ನಿಮ್ಮ ಚಿಕ್ಕ ಮಗನಿಗೆ ಫಾರಿನ್ ಬಾಗಿಲು ತೆರೀತೀನಿ ಅಂತ ಕರ್ತನು ಹೇಳ್ತಿದ್ದಾನೆ, ನಂಬಿ ಒಂದು ಬೀಜ ಬಿತ್ತಿ" ಅಂದ್ರು. ಅತ್ತೆ ಅಲ್ಲೇ ಒಂದು ಬಳೆ ಬಿಚ್ಚಿ ಕಾಣಿಕೆ ಚೀಲಕ್ಕೆ ಹಾಕಿದ್ರು. ಮೂರು ತಿಂಗಳಾಯ್ತು, ಆರಾಯ್ತು, ವೀಸಾ ಬರಲಿಲ್ಲ, ಫೋನ್ ಮಾಡಿ ಕೇಳಿದ್ರೆ "ನಿಮ್ಮ ವಿಶ್ವಾಸ ಸಾಲಲಿಲ್ಲ ಅಮ್ಮಾ" ಅನ್ನೋ ಉತ್ತರ ಬಂತು. ಬಳೆ ಹೋಗಿದ್ದಕ್ಕೆ ಅತ್ತೆ ಒಂದು ಹನಿ ಕಣ್ಣೀರು ಹಾಕಲಿಲ್ಲ, ಆದ್ರೆ ಆ ಮಾತಿಗೆ ಮಾತ್ರ ಎಷ್ಟೋ ರಾತ್ರಿ ಎದ್ದು ಕೂತು ಅತ್ತಿದ್ದಾರೆ, ನನ್ನಿಂದಾನೇ ಮಗನ ಬಾಗಿಲು ಮುಚ್ಚೋಯ್ತು ಅಂತ.

ಆಮೇಲೆ ನಾವಿಬ್ರೂ ಕೂತು ಸತ್ಯವೇದ ತೆಗೆದು ಈ ವಿಷಯ ಎಲ್ಲೆಲ್ಲಿ ಬರುತ್ತೋ ಅಲ್ಲೆಲ್ಲ ಓದಿದ್ವಿ. ಓದ್ತಾ ಹೋದ ಹಾಗೆ ಅತ್ತೆ ಮುಖದಲ್ಲಿ ಒಂದು ಸಮಾಧಾನ ಕಾಣ್ತು. ಹಾಗೆ ಓದಿದ್ದನ್ನೇ ಇಲ್ಲಿ ಒಂದೊಂದಾಗಿ ಇಡ್ತಿದ್ದೀನಿ.

ಮೊದಲು ಭಯ ಬಿಡಿ

ಪ್ರಶ್ನೆ ಕೇಳಿದ್ರೆ ದೇವರಿಗೆ ಕೋಪ ಬರುತ್ತೆ ಅನ್ನೋ ಭಯ ತುಂಬಾ ಜನರಿಗಿದೆ. "ನಾನು ಅಭಿಷೇಕಿಸಿದವರನ್ನು ಮುಟ್ಟಬಾರದು" ಅನ್ನೋ ವಾಕ್ಯ ತೋರಿಸಿ ಬಾಯಿ ಮುಚ್ಚಿಸ್ತಾರೆ. ಅದು ಕೀರ್ತನೆ 105ರ 15ನೇ ವಚನ. ಅದರ ಮುಂಚಿನ ಮೂರ್ನಾಲ್ಕು ವಚನ ಓದಿ ನೋಡಿ. ಅಬ್ರಹಾಮ, ಇಸಾಕ, ಯಾಕೋಬ ಇವರೆಲ್ಲ ಸ್ವಂತ ನೆಲ ಇಲ್ಲದೆ ದೇಶದಿಂದ ದೇಶಕ್ಕೆ ಅಲೀತಿದ್ದಾಗ, ಇವರಿಗೆ ಕೇಡು ಮಾಡಬೇಡಿ ಅಂತ ದೇವರು ರಾಜರನ್ನ ಗದರಿಸಿದ ಮಾತು ಅದು. ಸಭೆಯವರು ಪ್ರಶ್ನೆ ಕೇಳಬಾರದು ಅಂತ ಅಲ್ಲಿ ಎಲ್ಲೂ ಇಲ್ಲ.

ಪರೀಕ್ಷೆ ಮಾಡಿ ಅನ್ನೋದು ಬೈಬಲ್ಲೇ ಕೊಟ್ಟ ಆಜ್ಞೆ. ಪ್ರವಾದನೆನ ತಾತ್ಸಾರ ಮಾಡಬೇಡಿ, ಹಾಗಂತ ಎಲ್ಲಾನೂ ನುಂಗಬೇಡಿ, ಪರಿಶೋಧಿಸಿ ಒಳ್ಳೇದನ್ನ ಹಿಡ್ಕೊಳ್ಳಿ ಅಂತ ಪೌಲ ಥೆಸಲೋನಿಕದವರಿಗೆ ಬರೀತಾನೆ (1 ಥೆಸಲೋನಿಕ 5:20-21). ಎಲ್ಲಾ ಆತ್ಮಗಳನ್ನೂ ನಂಬಬೇಡಿ, ಲೋಕದಲ್ಲಿ ಸುಳ್ಳು ಪ್ರವಾದಿಗಳು ಬಹಳ ಜನ ಎದ್ದಿದ್ದಾರೆ ಅಂತ ಯೋಹಾನ ಹೇಳ್ತಾನೆ (1 ಯೋಹಾನ 4:1). ಬೆರೋಯದವರಂತೂ ಪೌಲ ಹೇಳಿದ್ದು ಸರೀನಾ ಅಂತ ದಿನಾ ಶಾಸ್ತ್ರ ತೆಗೆದು ನೋಡ್ತಿದ್ರು, ಅದಕ್ಕೆ ಅವರನ್ನ ಬೈದಿಲ್ಲ, ಸದ್ಗುಣವುಳ್ಳವರು ಅಂತ ಹೊಗಳಿದೆ (ಅಪೊಸ್ತಲರ ಕೃತ್ಯಗಳು 17:11). ಪೌಲನ ಮಾತನ್ನೇ ಚೆಕ್ ಮಾಡಬಹುದು ಅಂದ್ಮೇಲೆ ಮೈಕ್ ಹಿಡಿದು ನಿಂತವರ ಮಾತನ್ನ ಚೆಕ್ ಮಾಡೋಕೆ ಯಾಕೆ ಹೆದರಬೇಕು ಹೇಳಿ.

ಹೇಳಿದ್ದನ್ನ ಹಾಗೇ ಬರೆದಿಡಿ, ದಿನಾಂಕದ ಸಮೇತ

ಒಂದು ನೋಟ್‌ಬುಕ್ ಇಟ್ಕೊಳ್ಳಿ. ಯಾರು ಹೇಳಿದ್ರು, ಯಾವತ್ತು, ಯಾವ ಪದದಲ್ಲಿ, ಎಷ್ಟು ದಿನದೊಳಗೆ ಅಂದ್ರು, ಎಲ್ಲಾ ಬರೀರಿ, ವಾಟ್ಸಾಪ್ ವಾಯ್ಸ್ ಆದ್ರೆ ಡಿಲೀಟ್ ಮಾಡಬೇಡಿ. ಯಾಕಂದ್ರೆ ಧರ್ಮೋಪದೇಶಕಾಂಡ 18:22ರ ಪರೀಕ್ಷೆ ಬಹಳ ನೇರ: ಯೆಹೋವನ ಹೆಸರಲ್ಲಿ ಹೇಳಿದ್ದು ನಡೀಲಿಲ್ಲ ಅಂದ್ರೆ ಅದು ಯೆಹೋವನ ಮಾತಲ್ಲ, ಆ ಪ್ರವಾದಿ ಅಹಂಕಾರದಿಂದ ಮಾತಾಡಿದ್ದಾನೆ, ಅವನಿಗೆ ಹೆದರಬೇಡಿ. ಇಲ್ಲಿ ತಪ್ಪು ಯಾರ ತಲೆ ಮೇಲೆ ಬೀಳುತ್ತೆ ಅಂತ ಗಮನಿಸಿ, ಹೇಳಿದವನ ತಲೆ ಮೇಲೆ. ಕೇಳಿದವರ ವಿಶ್ವಾಸ ಕಡಿಮೆ ಇತ್ತು ಅನ್ನೋ ಮಾತೇ ಆ ವಚನದಲ್ಲಿಲ್ಲ. ಇದನ್ನ ಓದಿದಾಗ ಅತ್ತೆ, "ಇನ್ನೊಂದ್ಸಲ ಓದಮ್ಮ" ಅಂದ್ರು, ಮೂರು ಸಲ ಓದಿಸಿಕೊಂಡ್ರು.

ಆದ್ರೆ ಮಾತು ನಡಿಯುತ್ತೋ ಇಲ್ವೋ ಅಂತ ಗೊತ್ತಾಗೋ ತನಕ ಏನು ಮಾಡೋದು? ಅದಕ್ಕೆ ಯೆರೆಮೀಯ 28ನೇ ಅಧ್ಯಾಯ ನಿಧಾನವಾಗಿ ಓದಬೇಕು, ನನಗೆ ಈ ವಿಷಯದಲ್ಲಿ ಇಡೀ ಬೈಬಲ್‌ನಲ್ಲಿ ಇದಕ್ಕಿಂತ ಮುಖ್ಯವಾದ ಅಧ್ಯಾಯ ಇಲ್ಲ ಅನ್ಸುತ್ತೆ. ಬಾಬೆಲಿನ ಅರಸ ನೆಬೂಕದ್ನೆಚ್ಚರ ಆಗಲೇ ಒಂದು ಸಲ ಬಂದು ಯೆರೂಸಲೇಮಿನಿಂದ ರಾಜನನ್ನೂ ದೇವಾಲಯದ ಪಾತ್ರೆಗಳನ್ನೂ ಹೊತ್ಕೊಂಡು ಹೋಗಿದ್ದ. ಯೆರೆಮೀಯ ಕತ್ತಿಗೆ ಎತ್ತಿನ ಹಾಗೆ ಮರದ ನೊಗ ಹಾಕ್ಕೊಂಡು, ಬಾಬೆಲಿನ ನೊಗಕ್ಕೆ ಬಗ್ಗಿದ್ರೆ ಬದುಕ್ತೀರಿ ಅಂತ ಸಾರ್ತಿದ್ದ. ಯಾರಿಗೆ ಇಷ್ಟ ಆಗುತ್ತೆ ಇದು? ಆಗ ಗಿಬ್ಯೋನಿನ ಹನನ್ಯ ಅನ್ನೋನು ದೇವಾಲಯದಲ್ಲಿ ಯಾಜಕರು, ಜನ ಎಲ್ಲರ ಮುಂದೆ ನಿಂತು, ಸೇನಾಧೀಶ್ವರನಾದ ಯೆಹೋವ ಹೀಗೆ ಹೇಳ್ತಾನೆ, ಬಾಬೆಲಿನ ನೊಗ ಮುರಿದಿದ್ದೀನಿ, 2 ವರ್ಷದೊಳಗೆ ಪಾತ್ರೆಗಳೂ ಜನರೂ ವಾಪಸ್ ಬರ್ತಾರೆ ಅಂದ. ಅಷ್ಟೇ ಅಲ್ಲ, ಯೆರೆಮೀಯನ ಕತ್ತಿನಿಂದ ಆ ನೊಗ ಕಿತ್ತು ಮುರಿದೇಬಿಟ್ಟ.

ಆ ದಿನ ಅಲ್ಲಿ ನಿಂತಿದ್ದ ಒಬ್ಬ ಸಾಮಾನ್ಯ ಮನುಷ್ಯನ ಜಾಗದಲ್ಲಿ ನಿಂತು ನೋಡಿ. ಇಬ್ರೂ ಒಬ್ಬನೇ ದೇವರ ಹೆಸರು ಹೇಳ್ತಿದ್ದಾರೆ, ಒಂದೇ ಮಾತಿನ ಶೈಲಿ, ಇಬ್ರೂ ದೇವಾಲಯದ ಒಳಗೇ ಇದ್ದಾರೆ, ಧೈರ್ಯ ನೋಡಿದ್ರೆ ಹನನ್ಯಂದೇ ಒಂದು ಕೈ ಮೇಲೆ, ಮತ್ತೆ ಜನ ಕೇಳಬೇಕು ಅಂತಿದ್ದ ಮಾತನ್ನೇ ಅವನು ಹೇಳ್ತಿದ್ದಾನೆ. ನಾನು ಅಲ್ಲಿದ್ದಿದ್ರೆ ಹನನ್ಯನ ಮಾತಿಗೇ ಹಲ್ಲೆಲೂಯ ಅಂತಿದ್ನೋ ಏನೋ. ನೊಗ ಮುರಿಯೋಕೆ ಮುಂಚೆ ಯೆರೆಮೀಯ ಏನು ಹೇಳಿದ ಗೊತ್ತಾ, "ಆಮೆನ್, ಯೆಹೋವನು ಹಾಗೇ ಮಾಡಲಿ" ಅಂದ. ಅವನಿಗೂ ತನ್ನ ಜನ ವಾಪಸ್ ಬರಲಿ ಅಂತಾನೇ ಆಸೆ. ಆದ್ರೆ ಒಂದು ಮಾತು ಸೇರಿಸ್ತಾನೆ, ಸಮಾಧಾನದ ಪ್ರವಾದನೆ ಹೇಳೋನು ನಿಜವಾಗಿ ದೇವರು ಕಳಿಸಿದವನಾ ಅಂತ ಆ ಮಾತು ನಡೆದಾಗಲೇ ಗೊತ್ತಾಗೋದು ಅಂತ. ನೊಗ ಮುರಿದ ಮೇಲೆ ಜಗಳಕ್ಕೆ ನಿಲ್ಲದೆ ಹೊರಟೋದ. ಆಮೇಲೆ ದೇವರ ಮಾತು ಬಂತು, ನೀನು ಮರದ ನೊಗ ಮುರಿದೆ, ಈಗ ಕಬ್ಬಿಣದ ನೊಗ ಬರುತ್ತೆ ಅಂತ. ಐದನೇ ತಿಂಗಳಲ್ಲಿ ಹೀಗೆ ಮಾತಾಡಿದ ಹನನ್ಯ ಏಳನೇ ತಿಂಗಳಲ್ಲಿ ಸತ್ತ, 2 ವರ್ಷದ ಮಾತು ಸುಳ್ಳಾಯ್ತು, ಕ್ರಿ.ಪೂ. 586ರ ಸುಮಾರಿಗೆ ದೇವಾಲಯವೇ ಸುಟ್ಟೋಯ್ತು.

ಹಾಗಾಗಿ ಮಾತು ಸಿಹಿಯಾಗಿದ್ದಷ್ಟೂ ಕಾಯೋ ಸಮಯ ಜಾಸ್ತಿ ಮಾಡಿ. ಅಲ್ಲೇ ಬಳೆ ಬಿಚ್ಚಬೇಡಿ, ಅಲ್ಲೇ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಒಂದು ವಿನಾಯಿತಿ ಇದೆ, ಅದನ್ನ ಮುಚ್ಚಿಡಬಾರದು. 40 ದಿನದಲ್ಲಿ ನಿನೆವೆ ಹಾಳಾಗುತ್ತೆ ಅಂತ ಯೋನ ಸಾರಿದ, ಹಾಳಾಗಲಿಲ್ಲ, ಆದ್ರೂ ಅವನು ನಿಜವಾದ ಪ್ರವಾದೀನೇ. ಯಾಕಂದ್ರೆ ರಾಜನಿಂದ ಹಿಡಿದು ಎಲ್ಲರೂ ಕೆಟ್ಟದ್ದನ್ನ ಬಿಟ್ಟು ತಿರುಗಿದ್ರು. ಎಚ್ಚರಿಕೆಯ ಮಾತು ಕೇಳಿ ಜನ ಬದಲಾದ್ರೆ ದೇವರೂ ಮನಸ್ಸು ತಿರುಗಿಸ್ತಾನೆ ಅಂತ ಯೆರೆಮೀಯ 18ರಲ್ಲಿ ಸ್ಪಷ್ಟವಾಗಿದೆ. ಆದ್ರೆ ನಿನೆವೆಯವರ ಹತ್ರ ಯೋನ ಕಾಣಿಕೆ ಕೇಳಲಿಲ್ಲ.

ನಿಜ ಆದ್ರೂ ಸಾಲದು

ಇಲ್ಲೇ ಹೆಚ್ಚಿನವರು ಬೀಳೋದು. "ಅವರು ನನ್ನ ತಾಯಿ ಹೆಸರು ಹೇಳಿದ್ರು, ನನಗೆ ಯಾವ ಆಪರೇಷನ್ ಆಗಿತ್ತು ಅಂತ ಹೇಳಿದ್ರು, ಮತ್ತೆ ಹೇಗೆ ಸುಳ್ಳಾಗುತ್ತೆ?" ಅಂತಾರೆ. ಫೇಸ್‌ಬುಕ್‌ನಲ್ಲಿ ನಾವೇ ಎಷ್ಟು ಹಾಕಿರ್ತೀವಿ ಅನ್ನೋದು ಹಾಗಿರಲಿ, ಧರ್ಮೋಪದೇಶಕಾಂಡ 13ರ ಆರಂಭ ನೋಡಿ: ಪ್ರವಾದಿ ಹೇಳಿದ ಗುರುತು, ಅದ್ಭುತ ನಡೆದ್ರೂ ಅವನು ನಿಮ್ಮನ್ನ ಬೇರೆ ದೇವರ ಕಡೆ ಕರೆದ್ರೆ ಕಿವಿಗೊಡಬೇಡಿ. ಫಿಲಿಪ್ಪಿಯಲ್ಲಿ ಒಬ್ಬ ದಾಸಿ ಹುಡುಗಿ ಪೌಲನ ಹಿಂದೆ ದಿನಾ ಬಂದು, ಇವರು ಪರಾತ್ಪರನಾದ ದೇವರ ದಾಸರು ಅಂತ ಕೂಗ್ತಿದ್ಲು. ಅವಳ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಆದ್ರೂ ಅವಳಲ್ಲಿದ್ದ ಆತ್ಮ ದೇವರದ್ದಲ್ಲ ಅಂತ ಪೌಲ ಅದನ್ನ ಬಿಡಿಸಿದ, ಆ ಹುಡುಗಿನ ಇಟ್ಕೊಂಡು ಹಣ ಮಾಡ್ತಿದ್ದ ಯಜಮಾನರಿಗೆ ಆದಾಯ ನಿಂತೋಯ್ತು ಅಂತ ಸಿಟ್ಟು ಬಂತು (ಅಪೊಸ್ತಲರ ಕೃತ್ಯಗಳು 16). ನಿನ್ನ ಹೆಸರಲ್ಲೇ ಪ್ರವಾದನೆ ಹೇಳಿದ್ವಲ್ಲಾ, ದೆವ್ವ ಬಿಡಿಸಿದ್ವಲ್ಲಾ ಅಂತ ಬರೋ ಎಷ್ಟೋ ಜನರಿಗೆ, ನಿಮ್ಮನ್ನ ನಾನು ಯಾವತ್ತೂ ಅರಿತಿಲ್ಲ ಅಂತೀನಿ ಅಂತ ಯೇಸುಸ್ವಾಮಿನೇ ಹೇಳಿದ್ದಾರೆ (ಮತ್ತಾಯ 7:22-23).

ಹಾಗಾದ್ರೆ ನೋಡಬೇಕಾದ್ದು, ಈ ಮಾತು ನನ್ನನ್ನ ಯಾರ ಕಡೆ ಎಳೀತಿದೆ ಅಂತ. ಆರು ತಿಂಗಳು ಆ ಸಭೆಗೆ ಹೋದ್ಮೇಲೆ ನಿಮ್ಮ ಮನೇಲಿ ಯೇಸುವಿನ ಹೆಸರು ಜಾಸ್ತಿ ಕೇಳಿಸ್ತಿದ್ಯಾ, ಆ ಪ್ರವಾದಿ ಹೆಸರು ಜಾಸ್ತಿ ಕೇಳಿಸ್ತಿದ್ಯಾ? ಗೋಡೆ ಮೇಲೆ ಯಾರ ಫೋಟೋ ಇದೆ? ಯೋಹಾನನ ಕಾಲದಲ್ಲಿ ಯೇಸು ನಿಜವಾಗಿ ದೇಹ ಧರಿಸಿ ಬರಲಿಲ್ಲ ಅನ್ನೋ ಬೋಧನೆ ಹರಡ್ತಿತ್ತು, ಅದಕ್ಕೇ ಅವನು ಯೇಸು ಕ್ರಿಸ್ತ ಶರೀರಧಾರಿಯಾಗಿ ಬಂದ ಅಂತ ಒಪ್ಪಿಕೊಳ್ತಾರಾ ನೋಡಿ ಅಂತಾನೆ. ಪರಲೋಕದಿಂದ ದೂತನೇ ಇಳಿದು ಬಂದು ಬೇರೆ ಸುವಾರ್ತೆ ಹೇಳಿದ್ರೂ ಒಪ್ಪಬೇಡಿ ಅಂತ ಪೌಲ (ಗಲಾತ್ಯ 1:8).

ಹಣ ಯಾವ ಕಡೆ ಹರಿಯುತ್ತೆ

ಸುಳ್ಳು ಪ್ರವಾದಿಗಳು ತಮ್ಮ ಬಾಯಿಗೆ ಏನಾದ್ರೂ ಇಟ್ರೆ ಸಮಾಧಾನ ಅಂತಾರೆ, ಇಡದವನ ಮೇಲೆ ಯುದ್ಧ ಸಾರ್ತಾರೆ ಅಂತ ಮೀಕ 3:5ರಲ್ಲಿದೆ. ಇದಕ್ಕೆ ಎದುರಾಗಿ ಪ್ರವಾದಿ ಎಲೀಷನನ್ನ ನೋಡಿ, ಸಿರಿಯದ ಸೇನಾಪತಿ ನಾಮಾನನ ಕುಷ್ಠ ವಾಸಿಯಾದ್ಮೇಲೆ ಅವನು ಎಷ್ಟು ಒತ್ತಾಯ ಮಾಡಿದ್ರೂ ಏನೂ ತಗೊಳ್ಳಲಿಲ್ಲ. ಅವನ ಸೇವಕ ಗೇಹಜಿ ಹಿಂದಿನಿಂದ ಓಡಿಹೋಗಿ ಸುಳ್ಳು ಹೇಳಿ ಎರಡು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ತಂದು ಬಚ್ಚಿಟ್ಟ, ನಾಮಾನನ ಕುಷ್ಠ ಅವನಿಗೇ ಅಂಟ್ತು (2 ಅರಸುಗಳು 5). ಅಗಬ ಅನ್ನೋ ಪ್ರವಾದಿ ಅಂತಿಯೋಕ್ಯದಲ್ಲಿ ಕ್ಷಾಮ ಬರುತ್ತೆ ಅಂದಾಗಲೂ ಶಿಷ್ಯರು ಹಣ ಕೂಡಿಸಿದ್ರು, ನಿಜ, ಆದ್ರೆ ಅದು ಹೋಗಿದ್ದು ಯೂದಾಯದ ಸಹೋದರರ ಸಹಾಯಕ್ಕೆ, ಬಾರ್ನಬ ಮತ್ತು ಸೌಲನ (ಅಂದ್ರೆ ಪೌಲನ) ಕೈಲಿ, ಅಂದ್ರೆ ಇಬ್ಬರು ಜವಾಬ್ದಾರರ ಮೂಲಕ.

ಬೈಬಲ್‌ನಲ್ಲಿ ಸೇರದ, ಆದ್ರೆ ಮೊದಲ ಕಾಲದ ಸಭೆಗಳ ಒಂದು ಪುಟ್ಟ ಕೈಪಿಡಿ ಇದೆ, ಡಿಡಾಕೆ ಅಂತ. ಅದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ತು. ಊರಿಂದೂರಿಗೆ ಬರೋ ಅಪೊಸ್ತಲ, ಅಂದ್ರೆ ಸುವಾರ್ತೆ ಸಾರೋಕೆ ಕಳಿಸಿದವನು, ಒಂದು ದಿನ, ಬೇಕಾದ್ರೆ ಎರಡು ದಿನ ಇರಲಿ, ಮೂರನೇ ದಿನಾನೂ ಕೂತ್ರೆ ಅವನು ಸುಳ್ಳು ಪ್ರವಾದಿ ಅಂತ ಅದರಲ್ಲಿದೆ. ಆತ್ಮದಲ್ಲಿ ಮಾತಾಡ್ತಾ ನನಗೆ ಹಣ ಕೊಡಿ ಅಂದ್ರೆ ಕೇಳಬೇಡಿ, ಕಷ್ಟದಲ್ಲಿರೋ ಬೇರೆಯವರಿಗೆ ಕೊಡಿ ಅಂದ್ರೆ ಅವನನ್ನ ತೀರ್ಪು ಮಾಡಬೇಡಿ ಅಂತಾನೂ ಇದೆ. ನಿಜವಾದ ಪ್ರವಾದಿಗೆ ಊಟ ಕೊಡೋದು ಸರಿ ಅಂತಾನೂ ಅದೇ ಹೇಳುತ್ತೆ, ಸೇವೆ ಮಾಡೋರನ್ನ ನೋಡಿಕೊಳ್ಳೋದಕ್ಕೆ ಯಾರೂ ಬೇಡ ಅನ್ನಲ್ಲ.

ಹಣ್ಣು ಬಿಡೋ ತನಕ ಗಿಡ ನೋಡಿ

ಕುರಿ ವೇಷದ ತೋಳಗಳು ಅಂತ ಯೇಸು ಹೇಳಿದ್ದು ಎಲ್ಲರಿಗೂ ಗೊತ್ತು. ಗುರುತು ಹಿಡಿಯೋದು ಫಲದಿಂದ, ಮುಳ್ಳುಗಿಡದಲ್ಲಿ ದ್ರಾಕ್ಷಿ ಕೊಯ್ತಾರಾ ಅಂದ್ರು. ಹಣ್ಣು ಒಂದು ಸಂಜೆ ಕೂಟದಲ್ಲಿ ಕಾಣಲ್ಲ. ಅವರ ಹೆಂಡ್ತಿ ಮಕ್ಕಳು ಹೇಗಿದ್ದಾರೆ, ಕಾರು ಓಡಿಸೋ ಹುಡುಗನ ಹತ್ರ ಹೇಗೆ ಮಾತಾಡ್ತಾರೆ, ತಪ್ಪಾದಾಗ ತಪ್ಪಾಯ್ತು ಅಂತಾರಾ, ಲೆಕ್ಕ ಕೇಳಿದ್ರೆ ತೋರಿಸ್ತಾರಾ. ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21ಕ್ಕೆ ನ್ಯಾಯತೀರ್ಪು ಅಂದ್ರು, ನಡೀಲಿಲ್ಲ, ಅಕ್ಟೋಬರ್ 21 ಅಂದ್ರು, ಅದೂ ನಡೀಲಿಲ್ಲ, 2012ರಲ್ಲಿ ದಿನ ಹೇಳಿದ್ದು ಪಾಪ ಅಂತ ಒಪ್ಪಿಕೊಂಡ್ರು. ಆ ದಿನ ತಂದೆಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಅಂತ ಮತ್ತಾಯ 24:36ರಲ್ಲಿ ಮೊದಲೇ ಇತ್ತು. ಆದ್ರೂ ತಪ್ಪು ಒಪ್ಪಿಕೊಂಡಿದ್ದನ್ನ ನಾನು ಗೌರವದಿಂದ ನೋಡ್ತೀನಿ, ಹಾಗೆ ಮಾಡೋರು ತುಂಬಾ ಕಡಿಮೆ.

ಒಬ್ಬರೇ ತೀರ್ಮಾನ ಮಾಡಬೇಡಿ

ಇಬ್ಬರು ಮೂವರು ಪ್ರವಾದಿಗಳು ಮಾತಾಡಲಿ, ಉಳಿದವರು ವಿವೇಚಿಸಲಿ ಅನ್ನೋದು 1 ಕೊರಿಂಥ 14:29. "ಇದು ನಿಮಗೆ ಮಾತ್ರ, ಯಾರಿಗೂ ಹೇಳಬೇಡಿ, ಪಾಸ್ಟರ್‌ಗೂ ಹೇಳಬೇಡಿ" ಅಂದ್ರೆ ಅಲ್ಲೇ ನಿಲ್ಲಿ. ಹಾಗಂತ ತುಂಬಾ ಜನ ಒಪ್ಪಿದ್ರೆ ನಿಜ ಅಂತಾನೂ ಅಲ್ಲ: ಇಸ್ರಾಯೇಲಿನ ರಾಜ ಅಹಾಬನ ಮುಂದೆ ಸುಮಾರು 400 ಪ್ರವಾದಿಗಳು ಯುದ್ಧಕ್ಕೆ ಹೋಗು ಗೆಲ್ತೀಯ ಅಂದ್ರು, ಮೀಕಾಯೆಹು ಒಬ್ಬನೇ ಸೋಲು ಅಂದ. ಅವನನ್ನ ಕರೆಯೋಕೆ ಹೋದ ದೂತ ದಾರೀಲೇ, ಎಲ್ಲರೂ ಒಳ್ಳೇದೇ ಹೇಳಿದ್ದಾರೆ, ನೀನೂ ಹಾಗೇ ಹೇಳು ಅಂತ ಬುದ್ಧಿ ಹೇಳಿದ್ದ. ಕೊನೆಗೆ ಮೀಕಾಯೆಹು ಜೈಲಿಗೆ ಹೋದ, ಅಹಾಬ ವೇಷ ಮರೆಸಿಕೊಂಡು ಯುದ್ಧಕ್ಕೆ ಹೋದ್ರೂ ಯಾರೋ ಸುಮ್ನೆ ಬಿಟ್ಟ ಬಾಣಕ್ಕೆ ಸತ್ತ (1 ಅರಸುಗಳು 22).

ನಿಮ್ಮ ಬದುಕಿನ ನಿರ್ಧಾರ ನಿಮ್ಮ ಕೈಲೇ ಉಳಿದಿದ್ಯಾ ಅಂತಾನೂ ನೋಡಿ. ಅದೇ ಅಗಬ ಪೌಲನ ನಡುಕಟ್ಟು ತಗೊಂಡು ತನ್ನ ಕೈಕಾಲು ಕಟ್ಕೊಂಡು, ಯೆರೂಸಲೇಮಿನಲ್ಲಿ ಇದರ ಯಜಮಾನನನ್ನ ಹೀಗೆ ಕಟ್ತಾರೆ ಅಂದ. ಹೋಗು ಅಂತಾನೂ ಹೋಗಬೇಡ ಅಂತಾನೂ ಅವನ ಆ ಮಾತಿನಲ್ಲಿಲ್ಲ. ಪೌಲ ಯೋಚಿಸಿ ಹೋದ. ಇಂಥವರನ್ನೇ ಮದುವೆ ಆಗು, ಈ ಸೈಟು ಮಾರು ಅಂತ ದೇವರ ಹೆಸರಲ್ಲಿ ಒತ್ತಡ ಹಾಕೋರಿಗೆ ಉತ್ತರ ಹೇಗೆ ಕೊಡೋದು ಅಂತ ಗೊತ್ತಾಗದಿದ್ರೆ ಇಷ್ಟು ಹೇಳಿ ಸಾಕು: "ಥ್ಯಾಂಕ್ಸ್ ಬ್ರದರ್, ಬರ್ಕೊಂಡಿದ್ದೀನಿ, ಪ್ರಾರ್ಥನೆ ಮಾಡಿ ನಮ್ಮ ಹಿರಿಯರ ಹತ್ರ ಕೇಳಿ ನೋಡ್ತೀನಿ." ನಿಜವಾಗಿ ದೇವರ ಮಾತು ತಂದವರು ಇದಕ್ಕೆ ಸಿಟ್ಟು ಮಾಡ್ಕೊಳ್ಳಲ್ಲ.

ಅತ್ತೆ ಈಗ ಹಾಲಿನ ಲೆಕ್ಕದ ಬುಕ್‌ನ ಹಿಂದಿನ ಪುಟಗಳಲ್ಲಿ ಬರೀತಾರೆ. ಮೊದಲನೇ ಸಾಲು ಬಳೆಯ ದಿನಾಂಕ, ಪಕ್ಕದಲ್ಲಿ ಅವರೇ "ನಡೀಲಿಲ್ಲ" ಅಂತ ಬರೆದಿದ್ದಾರೆ. ಅದರ ಕೆಳಗೆ ಇನ್ನೊಂದು ಸಾಲಿದೆ. ಸಭೆಯಲ್ಲಿ ಪಾತ್ರೆ ತೊಳೀತಿದ್ದಾಗ ಒಬ್ಬ ವಯಸ್ಸಾದ ಸಿಸ್ಟರ್ ಹತ್ರ ಬಂದು, "ನಿನಗಾಗಿ ಪ್ರಾರ್ಥನೆ ಮಾಡ್ತಿದ್ದೆ, ನೀನು ನಿನ್ನನ್ನೇ ಶಪಿಸಿಕೊಳ್ಳೋದು ಬಿಡಬೇಕು ಅಂತ ಕರ್ತನು ನನ್ನ ಮನಸ್ಸಿಗೆ ತಂದ" ಅಂದ್ರಂತೆ. ಅವರಿಗೆ ಬಳೆ ವಿಷಯ ಗೊತ್ತಿರಲಿಲ್ಲ. ಏನೂ ಕೇಳಲಿಲ್ಲ, ಕೈ ಒರೆಸಿಕೊಂಡು ಹೋದ್ರು. ಅತ್ತೆ ಆ ಸಾಲಿನ ಪಕ್ಕ 1 ಕೊರಿಂಥ 14:3 ಅಂತ ಬರೆದು ಇಟ್ಟಿದ್ದಾರೆ, ಪ್ರವಾದನೆ ಹೇಳೋನು ಜನರನ್ನ ಕಟ್ಟೋಕೆ, ಧೈರ್ಯ ತುಂಬೋಕೆ, ಸಂತೈಸೋಕೆ ಮಾತಾಡ್ತಾನೆ ಅನ್ನೋ ವಚನ.